ಪಂಚಾಯಿತಿ ಹೇಗೆ ಕೊಂಡಿತು ಅಂತ ನೋಡಬೇಕಾ? ಬಿಲ್ ಒಂದೇ ಸಾಲದು

ನಿಮ್ಮ ಊರಿನ ಗ್ರಾಮ ಪಂಚಾಯಿತಿ ಬೀದಿದೀಪ ಹಾಕಿಸಿತು, ಬೋರ್‌ವೆಲ್‌ಗೆ ಮೋಟಾರು ಇಳಿಸಿತು, ಕಚೇರಿಗೆ ಪ್ರಿಂಟರ್ ತಂದಿತು. ಎಷ್ಟಕ್ಕೆ ತಂದಿರಿ ಅಂತ ಕೇಳಿದರೆ ಸಾಮಾನ್ಯವಾಗಿ ಒಂದು ಬಿಲ್ ತೋರಿಸುತ್ತಾರೆ. ಅದನ್ನು ನೋಡಿ ಸುಮ್ನೆ ವಾಪಸ್ ಬರಬೇಡಿ. ಆ ಬಿಲ್ಲಿಗಿಂತ ಮೊದಲು ಮೂರು ನಾಲ್ಕು ಕಾಗದ, ಅದರ ನಂತರ ಒಂದೆರಡು ಕಾಗದ ಇರಲೇಬೇಕು. ಎಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದರೆ ಮಾತ್ರ ಖರೀದಿ ಸರಿಯಾಗಿ ಆಯಿತೋ ಇಲ್ಲವೋ ಗೊತ್ತಾಗುತ್ತದೆ.

ಮೊದಲು ಠರಾವು. ಪಂಚಾಯಿತಿ ಸಭೆಯಲ್ಲಿ ಇಂಥ ಸಾಮಾನು ಬೇಕು, ಇಂಥ ನಿಧಿಯಿಂದ ಕೊಳ್ಳೋಣ ಅಂತ ತೀರ್ಮಾನ ಆಗಿ ಅದು ನಡವಳಿ ಪುಸ್ತಕದಲ್ಲಿ ಇರಬೇಕು. ದಿನಾಂಕ ಗಮನಿಸಿ. ಬಿಲ್ಲಿನ ತಾರೀಖು ಠರಾವಿಗಿಂತ ಹಿಂದಿನದಾದರೆ ಮೊದಲು ಕೊಂಡು ಆಮೇಲೆ ಒಪ್ಪಿಗೆ ಬರೆಸಿಕೊಂಡಿದ್ದಾರೆ ಅಂತ ಅರ್ಥ. ಯಾವ ದುಡ್ಡು ಅನ್ನುವುದೂ ಮುಖ್ಯ. 2021-22ರಿಂದ 2025-26ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಆ ಭಾಗದಿಂದ ಕಚೇರಿಗೆ ಕುರ್ಚಿ ತಂದಿದ್ದರೆ ಅದು ತಪ್ಪು. ಈ ಅನುದಾನದ ಖರ್ಚನ್ನು ಇ-ಗ್ರಾಮ್‌ಸ್ವರಾಜ್ ಪೋರ್ಟಲ್‌ನಲ್ಲಿ ಜಿಲ್ಲೆ, ತಾಲ್ಲೂಕು, ಪಂಚಾಯಿತಿ ಆರಿಸಿಕೊಂಡು ಮನೆಯಿಂದಲೇ ನೋಡಬಹುದು.

ಇನ್ನು ಯಾವ ದಾರಿಯಲ್ಲಿ ಕೊಂಡರು ಅನ್ನುವುದು. ಇದಕ್ಕೆ ಕರ್ನಾಟಕದಲ್ಲಿ ಸಾರ್ವಜನಿಕ ಖರೀದಿಗಳಿಗಾಗಿಯೇ 1999ರ ಪಾರದರ್ಶಕತೆ ಕಾಯ್ದೆ ಇದೆ, ಕಚೇರಿಗಳಲ್ಲಿ ಎಲ್ಲರೂ ಕೆಟಿಪಿಪಿ ಅನ್ನುತ್ತಾರೆ. 2000ದ ಅಕ್ಟೋಬರ್‌ನಿಂದ ಜಾರಿಯಲ್ಲಿದೆ. ಸರ್ಕಾರಿ ಇಲಾಖೆಗಳ ಹಾಗೆ ಪಂಚಾಯಿತಿ, ಪುರಸಭೆ, ನಗರಸಭೆಗಳೂ ಇದರಡಿ ಬರುತ್ತವೆ. ಇದರ ಮೂಲ ನಿಯಮ ಸರಳ: ಟೆಂಡರ್ ಕರೆದೇ ಕೊಳ್ಳಬೇಕು. ಟೆಂಡರ್ ಬೇಡ ಅನ್ನುವ ಸಂದರ್ಭಗಳೆಲ್ಲ 4ನೇ ಸೆಕ್ಷನ್‌ನಲ್ಲಿವೆ. ಸಣ್ಣ ಮೊತ್ತದ ವಿನಾಯಿತಿ 4(ಇ)ಯಲ್ಲಿದೆ. ಕಾಮಗಾರಿಗೆ ಆ ಮಿತಿ 5 ಲಕ್ಷ ರೂಪಾಯಿ. ಸಾಮಾನು ಮತ್ತು ಸೇವೆಗಳ ಮಿತಿ ಬೇರೆ ಉಪಖಂಡದಲ್ಲಿದೆ. ಈ ಮೊತ್ತಗಳಿಗೆ ಆಗಾಗ ತಿದ್ದುಪಡಿ ಆಗುತ್ತದೆ, ಹಾಗಾಗಿ ಇವತ್ತಿನ ಮಿತಿ ಹಿಡಿದು ಹಳೆಯ ಖರೀದಿಯನ್ನು ಅಳೆಯಬೇಡಿ. ಕೊಂಡ ದಿನ ಯಾವ ಮಿತಿ ಇತ್ತೋ ಅದೇ ಲೆಕ್ಕ. ಇದನ್ನು ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅವರ ಹತ್ತಿರ ನೇರವಾಗಿ ಕೇಳಿ: "ಇದನ್ನು ಯಾವ ಸೆಕ್ಷನ್ ಪ್ರಕಾರ ಟೆಂಡರ್ ಇಲ್ಲದೆ ತಂದಿರಿ ಸಾರ್?" ನಿಯಮದ ಪ್ರಕಾರ ಕೊಂಡವರಿಗೆ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟವೇನಲ್ಲ.

ಮಿತಿಯ ಒಳಗೆ ಕೊಳ್ಳುವುದು ತಪ್ಪಲ್ಲ, ಇದನ್ನು ಒತ್ತಿ ಹೇಳಬೇಕು. ಏಪ್ರಿಲ್‌ನಲ್ಲಿ ಮೋಟಾರು ಸುಟ್ಟು ಎರಡು ಕೇರಿಗೆ ನೀರಿಲ್ಲದಾಗ ಟೆಂಡರ್ ಕರೆದು ಕಾಯುತ್ತಾ ಕೂರಲು ಆಗುತ್ತದಾ? ಎರಡು ಮೂರು ಅಂಗಡಿಯಿಂದ ದರಪಟ್ಟಿ ತರಿಸಿ, ಕಡಿಮೆ ದರ ಹೇಳಿದವರಿಂದ ಮರುದಿನವೇ ತಂದರೆ ಅದು ಒಳ್ಳೆಯ ಕೆಲಸ. ತೊಂದರೆ ಆಗುವುದು ದೊಡ್ಡ ಖರೀದಿಯನ್ನು ತುಂಡು ಮಾಡಿ ಮಿತಿಯ ಕೆಳಗೆ ತಂದಾಗ. ಒಂದೇ ವಾರದಲ್ಲಿ ಒಂದೇ ಅಂಗಡಿಯ ನಾಲ್ಕು ಬಿಲ್, ಪ್ರತಿಯೊಂದೂ ಮಿತಿಗಿಂತ ಚೂರು ಕಡಿಮೆ, ನಾಲ್ಕರಲ್ಲೂ ಅದೇ ದೀಪ. ಇಂಥದ್ದು ಕಂಡರೆ ಬಿಲ್ ನಂಬರ್‌ಗಳನ್ನು ಬರೆದುಕೊಳ್ಳಿ.

ದರಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಓದಿ. ನಾನು ಒಮ್ಮೆ ನೋಡಿದ ಕಡತದಲ್ಲಿ ಮೂರು ಬೇರೆ ಬೇರೆ ಅಂಗಡಿಗಳ ಕೊಟೇಶನ್ ಇದ್ದವು. ಮೂರರಲ್ಲೂ "ಹೋಲ್ಡರ್" ಅನ್ನುವ ಪದವನ್ನು ಒಂದೇ ಥರ ತಪ್ಪಾಗಿ ಬರೆದಿತ್ತು, ಸಾಮಾನುಗಳ ಸಾಲು ಕೂಡ ಅದೇ ಕ್ರಮ, ದರ ಮಾತ್ರ ಐವತ್ತು ನೂರು ರೂಪಾಯಿ ಆಚೀಚೆ. ಮೂರನ್ನೂ ಒಬ್ಬರೇ ಕೂತು ಟೈಪ್ ಮಾಡಿದ್ದಾರೆ ಅಂತ ಅನುಮಾನ ಬರುತ್ತದೆ ಅಲ್ವಾ? ಅಂಗಡಿಯ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ವೆಬ್‌ಸೈಟ್‌ನಲ್ಲಿ ಹಾಕಿ, ಆ ಅಂಗಡಿ ನಿಜವಾಗಿ ಇದೆಯಾ, ನೋಂದಣಿ ಚಾಲ್ತಿಯಲ್ಲಿದೆಯಾ ನೋಡಿ. ಎರಡು ನಿಮಿಷದ ಕೆಲಸ.

ಟೆಂಡರ್ ಆಗಿದ್ದರೆ ಅದು ರಾಜ್ಯದ ಇ-ಸಂಗ್ರಹಣಾ ಪೋರ್ಟಲ್‌ನಲ್ಲಿ, ಈಗ ಕೆಪಿಪಿಪಿ ಅನ್ನುವುದರಲ್ಲಿ, ಸಿಗುತ್ತದೆ. ಅಲ್ಲಿ ಎರಡು ವಿಷಯ ನೋಡಿ. ಒಂದು, ಅರ್ಜಿ ಹಾಕಲು ಎಷ್ಟು ದಿನ ಕೊಟ್ಟರು. ಕನಿಷ್ಠ ಎಷ್ಟು ದಿನ ಅಂತ ಕೆಟಿಪಿಪಿ ನಿಯಮಾವಳಿಯ 17ನೇ ನಿಯಮ ಹೇಳುತ್ತದೆ. ಅದಕ್ಕಿಂತ ಕಡಿಮೆ ಮಾಡಬೇಕಾದರೆ ಮೇಲಧಿಕಾರಿ ಕಾರಣ ಬರೆದು ಒಪ್ಪಿಗೆ ಕೊಟ್ಟಿರಬೇಕು, ಆ ಕಾಗದ ಕೇಳಿ. ಇನ್ನೊಂದು, ಷರತ್ತುಗಳು. ಒಂದೇ ಕಂಪನಿಯ ಮಾಲಿಗೆ ಅಳತೆ ತೆಗೆದು ಹೊಲಿಸಿದ ಹಾಗೆ ಷರತ್ತು ಇದ್ದರೆ ಬೇರೆಯವರು ಬರುವುದೇ ಇಲ್ಲ. ಇಲ್ಲೊಂದು ತಪ್ಪು ತಿಳಿವಳಿಕೆ ಜಾಸ್ತಿ ಇದೆ: ಕಡಿಮೆ ದರ ಹಾಕಿದವರಿಗೇ ಕೊಡಬೇಕು ಅಂತ. ಅರ್ಹತೆಯ ಷರತ್ತು ಪೂರೈಸಿದವರಲ್ಲಿ ಕಡಿಮೆ ದರದವರಿಗೆ ಅನ್ನುವುದು ಸರಿ. ನೀವೇ ಟೆಂಡರ್ ಹಾಕಿ ಅನ್ಯಾಯವಾಗಿ ಕೈತಪ್ಪಿತು ಅನಿಸಿದರೆ ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್‌ನಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಆದೇಶ ಕೈಸೇರಿದ 30 ದಿನದೊಳಗೆ ಹಾಕಬೇಕು, ದಿನ ದಾಟಿಸಬೇಡಿ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೊಡಬೇಕಾದದ್ದು ದಾಸ್ತಾನು ವಹಿಗೆ, ಅಂದರೆ ಸ್ಟಾಕ್ ಬುಕ್‌ಗೆ. ನೂರು ದೀಪಕ್ಕೆ ದುಡ್ಡು ಹೋಗಿದ್ದರೆ ನೂರು ದೀಪ ಬಂದ ತಾರೀಖು, ಕಂಪನಿ, ಎಷ್ಟು ವ್ಯಾಟ್, ಯಾವ ಯಾವ ಬೀದಿಗೆ ಎಷ್ಟು ಹೋಯಿತು, ಎಷ್ಟು ಉಳಿಯಿತು ಎಲ್ಲ ಅದರಲ್ಲಿ ಇರಬೇಕು. ಬಹಳ ಕಡೆ ಈ ಪುಸ್ತಕ ಖಾಲಿ ಇರುತ್ತದೆ, ಇಲ್ಲವೇ ಆಡಿಟ್ ಹತ್ತಿರ ಬಂದಾಗ ಒಂದೇ ಪೆನ್ನಿನಲ್ಲಿ ಒಂದೇ ಸಲ ತುಂಬಿರುತ್ತಾರೆ. ಪುಟದ ಫೋಟೊ ಅಥವಾ ನಕಲು ಸಿಕ್ಕ ಮೇಲೆ ಸಂಜೆ ಇಬ್ಬರು ಮೂವರು ಸೇರಿ ಊರು ಸುತ್ತಿ ಕಂಬ ಎಣಿಸಿ. ನಾವು ಹಾಗೆ ಎಣಿಸಿದ ದಿನ ಊರಿನ ಹುಡುಗರಿಗೆ ಪಂಚಾಯಿತಿ ಲೆಕ್ಕದ ಬಗ್ಗೆ ಹುಟ್ಟಿದ ಆಸಕ್ತಿ ಯಾವ ಭಾಷಣದಿಂದಲೂ ಹುಟ್ಟಿರಲಿಲ್ಲ.

ಪಾವತಿ ಓಚರ್‌ನಲ್ಲಿ ಕಡಿತಗಳನ್ನೂ ನೋಡಿ. ಗುತ್ತಿಗೆ ಮೊತ್ತ 2.5 ಲಕ್ಷ ಮೀರಿದರೆ ಶೇ. 2ರಷ್ಟು ಜಿಎಸ್‌ಟಿ ಟಿಡಿಎಸ್, ಅಂದರೆ ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯಬೇಕು.

ಕಾಗದ ತೋರಿಸದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡ್ ಇದ್ದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಯಾಕೆ, ಹೇಗೆ ಅಂತ ಪ್ರಶ್ನೆ ಬರೆಯಬೇಡಿ, ದಾಖಲೆ ಕೇಳಿ. ಹೀಗೆ ಬರೆದರೆ ಸಾಕು: "2023-24ನೇ ಸಾಲಿನಲ್ಲಿ ಬೀದಿದೀಪ ಸಾಮಗ್ರಿ ಖರೀದಿಸಿದ ಕಡತದಲ್ಲಿರುವ ಠರಾವು, ದರಪಟ್ಟಿ ಅಥವಾ ಟೆಂಡರ್ ದಾಖಲೆ, ದರಗಳ ತುಲನಾ ಪಟ್ಟಿ, ಸರಬರಾಜು ಆದೇಶ, ಬಿಲ್ಲುಗಳು, ದಾಸ್ತಾನು ವಹಿಯ ಸಂಬಂಧಪಟ್ಟ ಪುಟಗಳು ಮತ್ತು ಪಾವತಿ ಓಚರ್‌ಗಳ ದೃಢೀಕೃತ ನಕಲು ಕೊಡಿ." ಸ್ವೀಕೃತಿ ಸಹಿ ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮೊದಲ ಮೇಲ್ಮನವಿ ಹಾಕಿ.

ಕಾಗದ ಕೈಗೆ ಬಂದು ತಪ್ಪು ಕಂಡರೆ ನೇರವಾಗಿ ಲೋಕಾಯುಕ್ತಕ್ಕೆ ಓಡಬೇಕಾಗಿಲ್ಲ. ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ), ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ (ಸಿಇಒ) ಇದ್ದಾರೆ. ಅವರಿಗಿಂತ ಮೊದಲು ಗ್ರಾಮಸಭೆ ಇದೆ, ಆರು ತಿಂಗಳಿಗೊಮ್ಮೆಯಾದರೂ ನಡೆಯಲೇಬೇಕು. ಅಲ್ಲಿ ಎದ್ದು ನಿಂತು, ಜಗಳ ಆಡದೆ, ಬಿಲ್ ನಂಬರ್ ಮತ್ತು ಕಂಬದ ಲೆಕ್ಕ ಎರಡನ್ನೂ ಓದಿ ಹೇಳಿ. ಅವರು ಕೊಡುವ ಉತ್ತರವನ್ನು ಅಲ್ಲೇ ನಡವಳಿಯಲ್ಲಿ ಬರೆಸಿ. ಮುಂದಿನ ಗ್ರಾಮಸಭೆಗೆ ಹೋಗುವಾಗ ಆ ಪುಟದ ನಕಲು ನಿಮ್ಮ ಕೈಯಲ್ಲಿರಲಿ.