ಹುಣಸೆ ಬೀಜದ ಲೆಕ್ಕಕ್ಕೆ ಬಿಡುಗಡೆ ಪತ್ರ ಸಿಕ್ಕಿತು

"ಹುಣಸೆ ಬೀಜ ಹಿಡ್ಕೊಂಡು ಎಸಿ ಆಫೀಸಿಗೆ ಹೋಗ್ತೀಯಾ?" ಅಂತ ನಕ್ಕವರೇ ಈಗ ಜೀತದಾಳುಗಳ ಬಿಡುಗಡೆಗೆ ನಾವು ಹಾಕಿದ ಅರ್ಜಿಯ ಜೆರಾಕ್ಸ್ ಕೇಳುತ್ತಿದ್ದಾರೆ. ಎಸಿ ಅಂದರೆ ಉಪವಿಭಾಗಾಧಿಕಾರಿ, ಜೀತದಿಂದ ಬಿಡುಗಡೆ ಪತ್ರ ಕೊಡುವವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

90ರ ದಶಕದ ಸಾಕ್ಷರತಾ ಆಂದೋಲನದಲ್ಲಿ ರಾತ್ರಿ ಶಾಲೆ ನಡೆಸುತ್ತಾ ಈ ಕೆಲಸಕ್ಕೆ ಬಿದ್ದವನು ನಾನು. ಓದೋಕೆ ಬಾರಪ್ಪ ಅಂದರೆ "ಯಜಮಾನ್ರು ಬಿಡಲ್ಲ ಸಾ" ಅನ್ನುತ್ತಿದ್ದವರೇ ನನಗೆ ಜೀತ ಅಂದರೇನು ಅಂತ ಕಲಿಸಿದ್ದು. ಆನೇಕಲ್ ಕಡೆ ಜೀತ ಬಿಡಿಸುವ ಜೀವಿಕ ಸಂಘಟನೆಯವರು ಮಾಡುತ್ತಿದ್ದ ಕೆಲಸ ನೋಡಿ ಧೈರ್ಯ ಬಂತು. ನಾವೂ ಒಂದು ಸಣ್ಣ ಸಂಸ್ಥೆ ಮಾಡಿಕೊಂಡೆವು. ಜೀತ ಪದ್ಧತಿ ರದ್ದು ಮಾಡಿದ 1976ರ ಕಾಯ್ದೆ ನಿಮಗೆಲ್ಲ ಗೊತ್ತು, ಅದನ್ನು ಇಲ್ಲಿ ಕೊರೆಯುವುದಿಲ್ಲ.

ಮೊದಲ ಸಲ ಸುಮಾರು 14 ಜನರ ಅರ್ಜಿ ಹಾಕಿದೆವು. ತಮಟೆ ಹೊಡೆದೆವು, ಧರಣಿ ಕೂತೆವು, ಪೇಪರಲ್ಲಿ ಫೋಟೋನೂ ಬಂತು. ಆಮೇಲೆ ಅಧಿಕಾರಿಗಳ ಸ್ಥಳ ಮಹಜರು. ಎಲ್ಲಿ ಮಾಡಿದರು ಗೊತ್ತಾ? ಯಜಮಾನರ ಜಗಲಿಯ ಮೇಲೆ, ಅವರದೇ ಕಾಫಿ ಕುಡಿದು. 14 ಜನರಲ್ಲಿ 9 ಜನ "ಸಂಬಳಕ್ಕೆ ಇದ್ದೀನಿ ಸ್ವಾಮಿ, ಜೀತ ಗೀತ ಏನಿಲ್ಲ" ಅಂದುಬಿಟ್ಟರು. ಉಳಿದ ಐದು ಜನರ ಹತ್ತಿರ ಸಾಲದ ಚೀಟಿ ಇಲ್ಲ ಅಂತ ಫೈಲು ಮುಚ್ಚಿತು. ಪೆಂಡಾಲು, ಊಟ, ಜೀಪಿನ ಬಾಡಿಗೆ ಎಲ್ಲ ಸೇರಿ 18 ಸಾವಿರ ಹೋಯಿತು. ಹೆಂಡತಿಯ ಎರಡು ಬಳೆ ಸೊಸೈಟಿಗೆ ಹೋಗಿದ್ದು ಆಗಲೇ.

ಅಷ್ಟೊತ್ತಿಗೆ ನಮಗೆ ದುಡ್ಡು ಕೊಡುತ್ತಿದ್ದ ಸಂಸ್ಥೆಯೂ ಕೈಬಿಟ್ಟಿತು. ಅವರಿಗೆ ತಿಂಗಳಿಗಿಷ್ಟು ಬಿಡುಗಡೆ ಅಂತ ಅಂಕಿ ಬೇಕು. ಜೀತದಾಳು ಏನು ಕೋಳಿಮೊಟ್ಟೆಯಾ, ದಿನಾ ಇಷ್ಟು ಅಂತ ಬರೋಕೆ?

ತಪ್ಪು ಎಲ್ಲಾಯಿತು ಅಂತ ಬಹಳ ದಿನ ತಲೆ ಕೆಡಿಸಿಕೊಂಡೆ. ನಾವು ಸಾಲ ತೋರಿಸೋಕೆ ಒದ್ದಾಡುತ್ತಿದ್ದೆವು. ಆದರೆ 1976ರ ಕಾಯ್ದೆಯ 15ನೇ ಕಲಂ ಪ್ರಕಾರ ಅದು ಜೀತದ ಸಾಲ ಅಲ್ಲ ಅಂತ ತೋರಿಸಬೇಕಾದವನು ಸಾಲ ಕೊಟ್ಟವನು. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿದರೆ ಅದೂ ಬಲವಂತದ ದುಡಿಮೆಯೇ ಅಂತ ಸುಪ್ರೀಂ ಕೋರ್ಟು 1982ರಲ್ಲೇ ಏಷ್ಯಾಡ್, ಅಂದರೆ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕೂಲಿಗಳ ಕೇಸಲ್ಲಿ ಹೇಳಿದೆ. ಹಾಗಾದರೆ ನಮಗೆ ಬೇಕಾದ್ದು ಎರಡೇ: ಎಷ್ಟು ದಿನ ದುಡಿದ, ಎಷ್ಟು ಕೊಟ್ಟರು.

ದಿನದ ಲೆಕ್ಕ ಓದು ಬಾರದವನ ಹತ್ತಿರ ಹೇಗೆ ತೆಗೆಯೋದು? 2019ರಲ್ಲಿ ಜೀತಕ್ಕಿದ್ದ ಒಬ್ಬ ಹಿರಿಯರ ಮನೆ ಮುಂದೆ ಕೂತಿದ್ದೆ. ಅವರ ಮೊಮ್ಮಕ್ಕಳು ಚೌಕಾಬಾರ ಆಡುತ್ತಿದ್ದರು. ಒಂದು ಕಡೆ ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿದ ಹುಣಸೆ ಬೀಜ. ಒಂದು ಹಿಡಿ ಬೀಜ ಇಸ್ಕೊಂಡೆ. ನಮ್ಮ ಕಡೆ ಜೀತ ಯುಗಾದಿಯಿಂದ ಯುಗಾದಿಗೆ ತಾನೆ. ನೆಲದ ಮೇಲೆ 12 ಗೆರೆ ಎಳೆದು, ಹಬ್ಬದ ಹೆಸರು ಹೇಳುತ್ತಾ ಹೋದೆ. "ಮಾರಿಹಬ್ಬಕ್ಕೆ ಎಲ್ಲಿದ್ರಿ?" "ಅಲ್ಲೇ, ಕೊಟ್ಟಿಗೇಲಿ." "ಗೌರಿ ಹಬ್ಬಕ್ಕೆ?" "ಅಲ್ಲೇ." ಮನೆಯಲ್ಲಿದ್ದ ದಿನಕ್ಕೊಂದು ಬಿಳಿ ಬೀಜ. ತಂಗಿ ತೀರಿಕೊಂಡಾಗ ಮೂರು ದಿನ. ಜ್ವರ ಬಂದಾಗ ಎರಡು. ಮಗಳ ಸೀಮಂತಕ್ಕೆ ಒಂದು. ಆರು ಬೀಜಕ್ಕೆ ವರ್ಷ ಮುಗಿಯಿತು. ಅವರು ಆ ಬೀಜಗಳನ್ನು ಬೆರಳಲ್ಲಿ ಒತ್ತಟ್ಟಿಗೆ ಸರಿಸಿ, "ಇಷ್ಟೇನಾ ನಾನು ಮನೇಲಿದ್ದದ್ದು?" ಅಂದರು. ನಾನು ಏನೂ ಹೇಳಲಿಲ್ಲ, ಬರೆದುಕೊಂಡೆ.

ವರ್ಷಕ್ಕೆ ಅವರಿಗೆ 30,000. ದುಡಿದ 359 ದಿನಕ್ಕೆ ಭಾಗಿಸಿದರೆ ದಿನಕ್ಕೆ 83 ರೂಪಾಯಿ ಚಿಲ್ಲರೆ. ಆ ವರ್ಷ ಉದ್ಯೋಗ ಖಾತ್ರಿ ಕೂಲಿ 249. ಎರಡೂ ಅಂಕಿಗಳನ್ನು ಅಕ್ಕಪಕ್ಕ ದಪ್ಪಗೆ ಬರೆದು, ಕನಿಷ್ಠ ಕೂಲಿ ಆದೇಶದ ಪ್ರತಿ ಹಿಂದೆ ಪಿನ್ ಮಾಡಿದೆ. ಒಂದೇ ಹಾಳೆ. ಮೊದಲಿನ ಹಾಗೆ 11 ಪುಟದ ಮನವಿ ಅಲ್ಲ.

ಜೊತೆಗೆ ಮಾಹಿತಿ ಹಕ್ಕು. ಹಿಂದೆ ಮೂರು ಪುಟ ಬರೆದು ವಾಪಸ್ ಬಂದಿತ್ತು. ನಮ್ಮ ರಾಜ್ಯದ ನಿಯಮದಲ್ಲಿ 150 ಪದ, ಒಂದೇ ವಿಷಯ ಅಂತ ನೆನಪಿಟ್ಟುಕೊಳ್ಳಿ. ಈ ಸಲ ಅರ್ಜಿ ನನ್ನ ಹೆಸರಲ್ಲಿ ಹಾಕಲಿಲ್ಲ, ಆ ಹಿರಿಯರ ಸೊಸೆ ಹಾಕಿದಳು. ಬಿಪಿಎಲ್ ಕಾರ್ಡ್ ಇದ್ದರೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಕೂಡ ಬೇಡ. ಕೇಳಿದ್ದು ಇಷ್ಟೇ: ಮೂರು ವರ್ಷದಲ್ಲಿ ಜೀತದ ಮೇಲೆ ಕಣ್ಣಿಡಬೇಕಾದ ಸರ್ಕಾರಿ ಜಾಗೃತಿ ಸಮಿತಿ ಎಷ್ಟು ಸಲ ಸೇರಿದೆ, ನಡಾವಳಿ ಕೊಡಿ. "ಲಭ್ಯವಿಲ್ಲ" ಅಂತ ಉತ್ತರ ಬಂತು. ನನಗೆ ಬೇಕಾಗಿದ್ದೂ ಅದೇ! ಆ ಉತ್ತರವನ್ನೇ ಬಿಡುಗಡೆಯ ಅರ್ಜಿಗೆ ಲಗತ್ತಿಸಿದೆವು. ತಿಂಗಳೊಳಗೆ ಸಮಿತಿ ಸೇರಿತು. ಹೇಳಿಕೆಯನ್ನು ಊರಲ್ಲಿ ತೆಗೆಯಬೇಡಿ, ಕಚೇರಿಯಲ್ಲೇ ತೆಗೆಯಿರಿ ಅಂತ ಮೊದಲೇ ಬರೆದುಕೊಟ್ಟಿದ್ದೆ.

ಅರ್ಜಿಯನ್ನು ಯಾವ ದಿನ ಕೊಟ್ಟೆವು, ಯಜಮಾನರ ಬಾಯಿಂದಲೇ ಮುಂಗಡದ ಮೊತ್ತ ಹೇಗೆ ಹೊರಬಂತು, ಇವೆರಡನ್ನು ಇಲ್ಲಿ ಬರೆಯಲ್ಲ. ಫೋನು ಅವರ ಮಕ್ಕಳ ಕೈಲೂ ಇದೆ ಅಲ್ವಾ. ಎದುರು ಸಿಕ್ಕಿದರೆ ಹೇಳುತ್ತೇನೆ.

ಇಲ್ಲಿವರೆಗೆ ಈ ದಾರಿಯಲ್ಲಿ 23 ಅರ್ಜಿ, 17 ಬಿಡುಗಡೆ ಪತ್ರ. ಅಥವಾ 18 ಇರಬೇಕು. ಒಂದೊಂದಕ್ಕೆ ಬಸ್ಸು, ಜೆರಾಕ್ಸ್, ಪೋಸ್ಟು, ಎರಡು ಹೊತ್ತಿನ ಮುದ್ದೆ ಊಟ ಸೇರಿ 600-700 ರೂಪಾಯಿ. ಆ 18 ಸಾವಿರ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತೆ.

ಪತ್ರ ಬಂದ ಮೇಲಿನ ಕಷ್ಟ ಬೇರೆ. 2016ರ ಪುನರ್ವಸತಿ ಯೋಜನೆಯಲ್ಲಿ ಗಂಡಸಿಗೆ 1 ಲಕ್ಷ, ಹೆಂಗಸರು ಮಕ್ಕಳಿಗೆ 2 ಲಕ್ಷ ಅಂತಿದೆ, ಆದರೆ ಯಜಮಾನರಿಗೆ ಶಿಕ್ಷೆ ಆಗೋವರೆಗೆ ಅದು ಬರುತ್ತಿರಲಿಲ್ಲ. ನಮ್ಮವರು ಕಂಡದ್ದು ಆಗ ತಕ್ಷಣ ಕೊಡುತ್ತಿದ್ದ 20,000 ಮಾತ್ರ. ಅದರಲ್ಲಿ ಕುರಿ ತೆಗೆಸಿಕೊಟ್ಟೆ, ಮನೆಗೆ ನಾಲ್ಕು. ನನ್ನದೇ ಯೋಚನೆ. ಮಳೆಗಾಲದಲ್ಲಿ ನೀಲಿನಾಲಿಗೆ ರೋಗ ಬಂದು ಅರ್ಧಕ್ಕರ್ಧ ಹೋದವು. ಇಬ್ಬರು ಮದುವೆ ಖರ್ಚಿಗೆ ಅಂತ ಅದೇ ಕೊಟ್ಟಿಗೆಗೆ ವಾಪಸ್ ಹೋದರು.

ಆಮೇಲೆ ಹೆಂಗಸರೇ ಶುರು ಮಾಡಿದ್ದು ಹಿಡಿ ರಾಗಿ. ಮುದ್ದೆಗೆ ಹಿಟ್ಟು ಬೀಸಿಸೋಕೆ ಮುಂಚೆ ಒಂದು ಹಿಡಿ ಮಡಕೆಗೆ. ತಿಂಗಳಿಗೊಮ್ಮೆ ಮಾರಿ, ಆ ದುಡ್ಡಲ್ಲಿ ಆಸ್ಪತ್ರೆಗೆ ಸಾವಿರ, ತಿಥಿಗೆ ಎರಡು ಸಾವಿರ ಕೈಸಾಲ. ಇದು ಶುರುವಾದ ಮೇಲೆ ಯಾರೂ ವಾಪಸ್ ಹೋಗಿಲ್ಲ. ಈ ಹೆಗ್ಗಳಿಕೆ ನನ್ನದಲ್ಲ, ಬೀಜದ್ದು ಮಾತ್ರ ನನ್ನದು.

ಬಳೆ ಇನ್ನೂ ಸೊಸೈಟಿಯಲ್ಲೇ ಇವೆ, ಬಡ್ಡಿ ಕಟ್ಟುತ್ತಿದ್ದೇನೆ. ಮೊನ್ನೆ ಜಗಲಿ ಮೇಲೆ ಕೂತು ಮುಂದಿನ ಊರಿಗೆ ಬೀಜ ಉಜ್ಜುತ್ತಿದ್ದೆ. ಹೆಂಡತಿ ಬಂದು, "ನನ್ನ ಕೈ ಬರಿದಾಗಿ ಎಷ್ಟು ಯುಗಾದಿ ಆಯ್ತು, ಅದಕ್ಕೂ ಬೀಜ ಇಡಿ" ಅಂದಳು. ಇಟ್ಟೆ. ಕೈಲಿದ್ದ ಬೀಜ ಸಾಲಲಿಲ್ಲ.