ಅತ್ತೆಯನ್ನು ಕರೆದುಕೊಂಡು ಯುರೋಪ್: ಊರಿಗಿಂತ ಮೊದಲು ದಾರಿ ಹುಡುಕಿದ್ದು

ಯುರೋಪಿಗೆ ಹೋಗೋಣ ಅಂತ ಮನೆಯಲ್ಲಿ ಮಾತು ಶುರುವಾದಾಗ ಎಲ್ಲರೂ ಹೇಳಿದ್ದು ಊರಿನ ಹೆಸರುಗಳನ್ನೇ. ಅತ್ತೆಗೆ ಸ್ವಿಟ್ಜರ್ಲೆಂಡಿನ ಹಿಮ ನೋಡಬೇಕು. ನಮ್ಮನೆಯವರಿಗೆ ರೋಮ್. ನನಗೆ ವೆನಿಸ್, ವಿಯೆನ್ನಾ. ಪ್ಯಾರಿಸ್ ಬಿಡೋಕೆ ಯಾರೂ ತಯಾರಿಲ್ಲ. ವಿಜಯನಗರದಲ್ಲೇ ಒಂದು ಟ್ರಾವೆಲ್ಸ್‌ನಲ್ಲಿ ವಿಚಾರಿಸಿದೆವು. ಇವೆಲ್ಲ ಸೇರಿದ ಗ್ರೂಪ್ ಟೂರ್ ಇತ್ತು, ಊಟವೂ ನಮ್ಮ ಕಡೆಯದೇ. ಆದರೆ ಹೆಚ್ಚುಕಮ್ಮಿ ದಿನಾ ಹೊಸ ಹೋಟೆಲು, ದಿನಾ ಬೆಳಗಾಗುತ್ತಲೇ ಬಸ್ಸು. ಅತ್ತೆಗೆ ಮಂಡಿ ನೋವು. ಬೆಳಿಗ್ಗೆ ಎದ್ದು ಕಾಲು ಸಡಿಲ ಆಗೋಕೆ ಅವರಿಗೆ ಒಂದು ಗಂಟೆ ಬೇಕು. ಸರಿ, ನಾವೇ ಮಾಡಿಕೊಳ್ಳೋಣ ಅಂತ ಕೂತೆವು.

ನಾನು ಮೊದಲು ಮಾಡಿದ್ದು ಹೋಟೆಲ್ ಹುಡುಕೋದಲ್ಲ, ನೋಡಬೇಕಾದ ಜಾಗಗಳ ಪಟ್ಟಿಯೂ ಅಲ್ಲ. ಒಂದು ಶೀಟ್ ತೆಗೆದು ಯಾವ ಊರಿಂದ ಯಾವ ಊರಿಗೆ ನೇರ ರೈಲು ಇದೆ, ಎಷ್ಟು ಹೊತ್ತು ಹಿಡಿಯುತ್ತೆ ಅಂತ ಬರೆಯುತ್ತಾ ಹೋದೆ. ದೊಡ್ಡ ಪ್ರವಾಸದಲ್ಲಿ ಸುಸ್ತಾಗೋದು ಊರು ಸುತ್ತಿ ಅಲ್ಲ, ಊರಿಂದ ಊರಿಗೆ ಪೆಟ್ಟಿಗೆ ಎಳೆದುಕೊಂಡು ಹೋಗೋದರಲ್ಲಿ. ಆ ಭಾಗ ಸರಿಯಾಗಿ ಕೂತರೆ ಉಳಿದಿದ್ದೆಲ್ಲ ತಾನಾಗೇ ಕೂರುತ್ತೆ. ಈ ಕೆಲಸಕ್ಕೆ ನನಗೆ ತುಂಬಾ ಉಪಯೋಗಕ್ಕೆ ಬಂದಿದ್ದು ಬ್ರಿಟನ್ನಿನ ಮಾರ್ಕ್ ಸ್ಮಿತ್ ಅನ್ನೋರು 2001ರಿಂದ ನಡೆಸುತ್ತಿರುವ 'ಸೀಟ್ 61' ತಾಣ. ಯಾವ ರೈಲಿಗೆ ಎಲ್ಲಿ ಟಿಕೆಟ್ ತಗೋಬೇಕು, ಯಾವ ಕಡೆ ಕೂತರೆ ಕೆರೆ ಕಾಣುತ್ತೆ ಅನ್ನೋದು ಕೂಡ ಅಲ್ಲಿದೆ.

ಶೀಟ್ ನೋಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತಿತ್ತು. ಪ್ಯಾರಿಸ್‌ನಲ್ಲಿ ಇಳಿದು ಪ್ಯಾರಿಸ್‌ನಿಂದಲೇ ವಾಪಸ್ ಬಂದರೆ ಒಂದು ಇಡೀ ದಿನ ಮತ್ತು ಮೂರು ಜನರ ಟಿಕೆಟ್ ದುಡ್ಡು ಸುಮ್ನೆ ಹೋಗುತ್ತೆ. ಹಾಗಾಗಿ ವಿಮಾನದ ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಆಯ್ಕೆ ಒತ್ತಿ, ಹೋಗೋದು ಒಂದು ಊರಿಗೆ, ಬರೋದು ಇನ್ನೊಂದು ಊರಿಂದ ಅಂತ ಹಾಕಿದೆ. ಬೆಂಗಳೂರಿಂದ ಪ್ಯಾರಿಸ್‌ಗೆ ಏರ್ ಫ್ರಾನ್ಸ್, ಫ್ರಾಂಕ್‌ಫರ್ಟ್ ಮತ್ತು ಮ್ಯೂನಿಕ್‌ಗೆ ಲುಫ್ತಾನ್ಸಾ, ಆಮ್‌ಸ್ಟರ್‌ಡ್ಯಾಮ್‌ಗೆ ಕೆಎಲ್‌ಎಂ ನೇರವಾಗಿ ಹೋಗುತ್ತವೆ. ನಾವು ಲುಫ್ತಾನ್ಸಾದಲ್ಲಿ ಫ್ರಾಂಕ್‌ಫರ್ಟ್ ಮೇಲಿಂದ ಪ್ಯಾರಿಸ್, ಬರುವಾಗ ಮ್ಯೂನಿಕ್‌ನಿಂದ ನೇರ ಬೆಂಗಳೂರು ಅಂತ ಒಂದೇ ಟಿಕೆಟ್ ತಗೊಂಡೆವು. ಒಂದೇ ಟಿಕೆಟ್ ಅನ್ನೋದು ಮುಖ್ಯ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ವ್ಯವಸ್ಥೆ ವಿಮಾನ ಕಂಪನಿಯ ತಲೆನೋವು. ಬೇರೆ ಬೇರೆ ಟಿಕೆಟ್ ಆದರೆ ನಮ್ಮ ತಲೆನೋವು. ಇನ್ನೊಂದು ವಿಷಯ, ಷೆಂಗೆನ್ ದೇಶಗಳಿಗೆ, ಅಂದರೆ ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳಿಗೆ, ಹೋಗುವಾಗ ಇಮಿಗ್ರೇಶನ್ ಆಗೋದು ಮೊದಲು ಇಳಿದ ನಿಲ್ದಾಣದಲ್ಲೇ. ನಮಗೆ ಅದು ಫ್ರಾಂಕ್‌ಫರ್ಟ್. ಅಕ್ಟೋಬರ್ 2025ರಿಂದ ಬೆರಳಚ್ಚು, ಫೋಟೋ ತಗೊಳ್ಳೋ ಹೊಸ ವ್ಯವಸ್ಥೆಯೂ ಶುರುವಾಗಿದೆ, ಕ್ಯೂ ಉದ್ದ ಇರಬಹುದು. ಎರಡು ವಿಮಾನಗಳ ನಡುವೆ ಒಂದು ಗಂಟೆ ಸಾಕು ಅಂತ ವೆಬ್‌ಸೈಟು ತೋರಿಸಿದರೂ ನಂಬಬೇಡಿ, ಎರಡೂವರೆ ಮೂರು ಗಂಟೆ ಇಟ್ಟುಕೊಳ್ಳಿ.

ಆಮೇಲೆ ನಡುವಿನ ಊರುಗಳ ಕ್ರಮ. ಮೊದಲ ಸಲ ಬರೆದಾಗ ಫ್ಲಾರೆನ್ಸ್, ರೋಮ್, ಆಮೇಲೆ ವೆನಿಸ್, ವಿಯೆನ್ನಾ ಅಂತ ಇತ್ತು. ಆದರೆ ರೋಮ್ ಕೆಳಗಿದೆ, ವೆನಿಸ್ ಮೇಲಿದೆ. ಇಳಿದ ದಾರಿಯಲ್ಲೇ ಮತ್ತೆ ಹತ್ತಬೇಕು, ವೇಗದ ರೈಲಿನಲ್ಲೂ ಹತ್ತಿರ ಹತ್ತಿರ ನಾಲ್ಕು ಗಂಟೆ. ಆಗ ಕಣ್ಣಿಗೆ ಬಿದ್ದಿದ್ದು ರೋಮ್‌ನಿಂದ ವಿಯೆನ್ನಾಕ್ಕೆ ಹೋಗುವ ನೈಟ್‌ಜೆಟ್ ರಾತ್ರಿ ರೈಲು. ಆ ಒಂದು ರೈಲಿನಿಂದ ಇಡೀ ಪ್ರವಾಸದ ಕ್ರಮವೇ ಬದಲಾಯಿತು. ಪ್ಯಾರಿಸ್, ಸ್ವಿಟ್ಜರ್ಲೆಂಡಿನ ಲೂಸರ್ನ್, ವೆನಿಸ್, ಫ್ಲಾರೆನ್ಸ್, ರೋಮ್, ರಾತ್ರಿ ರೈಲು, ವಿಯೆನ್ನಾ, ಸಾಲ್ಜ್‌ಬರ್ಗ್, ಮ್ಯೂನಿಕ್. ಹಗಲು ಹೊತ್ತಿನಲ್ಲಿ ಹೋದ ದಾರಿಯಲ್ಲಿ ಎಲ್ಲೂ ಹಿಂದೆ ಬರೋ ಹಾಗಿಲ್ಲ.

ವಿಮಾನದಲ್ಲಿ ಒಂದೂಮುಕ್ಕಾಲು ಗಂಟೆಯ ದಾರಿಗೆ ಇಡೀ ರಾತ್ರಿ ರೈಲು ಯಾಕೆ ಅಂತ ನಮ್ಮನೆಯವರು ಕೇಳಿದರು. ಲೆಕ್ಕ ಹಾಕಿ ತೋರಿಸಿದೆ. ಹೋಟೆಲಿಂದ ರೋಮ್‌ನ ಟರ್ಮಿನಿ ನಿಲ್ದಾಣ, ಅಲ್ಲಿಂದ ಫ್ಯೂಮಿಚಿನೋ ವಿಮಾನ ನಿಲ್ದಾಣಕ್ಕೆ ರೈಲಿನಲ್ಲಿ 32 ನಿಮಿಷ, ಎರಡು ಗಂಟೆ ಮುಂಚೆ ಅಲ್ಲಿರಬೇಕು, ಆ ಕಡೆ ಪೆಟ್ಟಿಗೆಗೆ ಕಾಯಬೇಕು, ಮತ್ತೆ ಊರೊಳಗೆ ಬರಬೇಕು. ಆರು ಗಂಟೆ ಆರಾಮಾಗಿ ಹೋಗುತ್ತೆ, ಅದೂ ಹಗಲಿನ ಆರು ಗಂಟೆ. ಅದರ ಮೇಲೆ ಕಡಿಮೆ ದರದ ವಿಮಾನಗಳಲ್ಲಿ ಪೆಟ್ಟಿಗೆಗೆ ಬೇರೆ ದುಡ್ಡು. ಕೆಲವು ಇಳಿಯೋದು ಊರಲ್ಲೇ ಅಲ್ಲ. ಪ್ಯಾರಿಸ್ ಅಂತ ಹೇಳಿ ಬೋವೆಯಲ್ಲಿ ಇಳಿಸುತ್ತವೆ, ಅದು ಪ್ಯಾರಿಸ್‌ನಿಂದ 80 ಕಿಲೋಮೀಟರಿಗೂ ದೂರ. ಮಿಲಾನ್ ಅಂದರೆ ಬೆರ್ಗಾಮೊ, ವೆನಿಸ್ ಅಂದರೆ ಟ್ರೆವಿಸೊ. ಟಿಕೆಟ್ಟಿನ ಬೆಲೆ ನೋಡಿದರೆ ಸಾಲದು, ನಮ್ಮ ಹೋಟೆಲ್ ಬಾಗಿಲಿಂದ ಮುಂದಿನ ಹೋಟೆಲ್ ಬಾಗಿಲಿಗೆ ಎಷ್ಟು ಹೊತ್ತು, ಎಷ್ಟು ದುಡ್ಡು ಅಂತ ನೋಡಬೇಕು. ನನ್ನ ಶೀಟಿನಲ್ಲಿ ಆ ಎರಡು ಕಾಲಂ ಬಿಟ್ಟು ಬೇರೆ ಯಾವುದಕ್ಕೂ ನಾನು ಬೆಲೆ ಕೊಡಲಿಲ್ಲ. ಹೀಗೆ ನೋಡಿದರೆ ಐದು ಗಂಟೆಯೊಳಗಿನ ದಾರಿಯಲ್ಲೆಲ್ಲ ರೈಲೇ ಗೆದ್ದಿತು.

ಕಾರು ಬಾಡಿಗೆ ತಗೊಳ್ಳೋ ಯೋಚನೆಯೂ ಬಂತು, ಬಿಟ್ಟೆವು. ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸೋದು ದೊಡ್ಡ ಕೆಲಸವಲ್ಲ. ಆದರೆ ಒಂದು ದೇಶದಲ್ಲಿ ತಗೊಂಡ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಜಾಸ್ತಿ ದುಡ್ಡು ಕೇಳುತ್ತಾರೆ. ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಹೆದ್ದಾರಿಗಳಿಗೆ ಬೇರೆ ಬೇರೆ ವಿನ್ಯೆಟ್, ಅಂದರೆ ಹೆದ್ದಾರಿ ಶುಲ್ಕ ಕಟ್ಟಿದ ಚೀಟಿ, ಬೇಕು. ಇಟಲಿಯ ಹಳೇ ಊರುಗಳ ಒಳಗೆ ಹೊರಗಿನವರ ಕಾರು ಹೋಗುವಂತಿಲ್ಲದ ವಲಯಗಳಿವೆ, ಕ್ಯಾಮೆರಾ ಹಿಡಿಯುತ್ತೆ. ನಮ್ಮ ಆಫೀಸಿನವರೊಬ್ಬರಿಗೆ ಬೆಂಗಳೂರಿಗೆ ಬಂದು ಎಷ್ಟೋ ತಿಂಗಳಾದ ಮೇಲೆ ದಂಡದ ಕಾಗದ ಬಂತು. ಬರೀ ಹಳ್ಳಿಗಾಡು ಸುತ್ತೋರಿಗೆ ಕಾರು ಸರಿ. ದೊಡ್ಡ ಊರುಗಳಿಗೆ ಬೇಡ.

ವೀಸಾ ವಿಷಯ ಬೇಗ ಹೇಳಿಬಿಡುತ್ತೇನೆ. ಯಾವ ದೇಶದಲ್ಲಿ ಹೆಚ್ಚು ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ, ನಮಗೆ ಅದು ಇಟಲಿ. ದಿನಗಳು ಸಮ ಆದರೆ ಮೊದಲು ಕಾಲಿಡೋ ದೇಶ. ಹೊರಡುವ 6 ತಿಂಗಳು ಮುಂಚೆಯಿಂದ ಅರ್ಜಿ ಹಾಕಬಹುದು. ಜೂನ್ 2024ರಿಂದ ದೊಡ್ಡವರಿಗೆ ಶುಲ್ಕ 90 ಯೂರೋ. ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಆಗುತ್ತೆ, 45 ದಿನದವರೆಗೂ ಎಳೆಯಬಹುದು. ಶಾಲೆಗೆ ರಜೆ ಬರೋ ಹೊತ್ತಿಗೆ ಬೆಂಗಳೂರಿನಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಅದಕ್ಕೇ ನಾವು ಸೆಪ್ಟೆಂಬರ್ ಆರಿಸಿಕೊಂಡೆವು. ಲಂಡನ್ ಸೇರಿಸಬೇಕು ಅನ್ನೋರು ನೆನಪಿಡಿ, ಅದಕ್ಕೆ ಬೇರೆಯದೇ ವೀಸಾ.

ವೀಸಾ ಬರೋ ಮುಂಚೆ ಏನೇನು ದುಡ್ಡು ಕೊಟ್ಟು ಕಾಯ್ದಿರಿಸಬೇಕು ಅನ್ನೋದೇ ಕಷ್ಟದ ಲೆಕ್ಕ. ಹೋಟೆಲ್‌ಗಳನ್ನು ರದ್ದು ಮಾಡಿದರೆ ದುಡ್ಡು ವಾಪಸ್ ಬರೋ ಹಾಗೆ ಹಿಡಿದೆ. ವಿಮಾನ, ಸ್ವಲ್ಪ ಜಾಸ್ತಿ ಕೊಟ್ಟು, ಬದಲಾಯಿಸಬಹುದಾದ್ದು. ರೈಲು ಟಿಕೆಟ್ ಎಲ್ಲ ವೀಸಾ ಬಂದ ಮೇಲೆ. ಒಂದಕ್ಕೆ ಮಾತ್ರ ಕಾಯಲಿಲ್ಲ, ರಾತ್ರಿ ರೈಲಿಗೆ. ಅದರಲ್ಲಿ ಹಾಸಿಗೆ ಇರೋ ಕೋಣೆಯನ್ನು ಪೂರ್ತಿ ನಾವೇ ಹಿಡಿಯಬಹುದು, ಬಾಗಿಲು ಹಾಕಿಕೊಂಡರೆ ಬೇರೆ ಯಾರೂ ಇಲ್ಲ. ಅಂಥ ಕೋಣೆಗಳು ಒಂದು ರೈಲಿನಲ್ಲಿ ಕೆಲವೇ, ಬೇಗ ಖಾಲಿ ಆಗುತ್ತವೆ. ಅತ್ತೆಗೆ ಕೆಳಗಿನ ಹಾಸಿಗೆ, ನಮ್ಮನೆಯವರು ಏಣಿ ಹತ್ತಿ ಮೇಲೆ. ಬೆಳಗಿನ ತಿಂಡಿ ಟಿಕೆಟ್ಟಿನಲ್ಲೇ ಸೇರಿದೆ. ಕೋಣೆ ಸಿಗದೇ ಬರೀ ಕೂರುವ ಸೀಟು ಮಾತ್ರ ಉಳಿದಿದ್ದರೆ, ವಯಸ್ಸಾದವರು ಜೊತೆಗಿದ್ದಾಗ ವಿಮಾನವೇ ಮೇಲು.

ಯುರೋಪಿನ ಹಲವು ದೇಶಗಳ ರೈಲಿಗೆ ನಡೆಯೋ ಯುರೇಲ್ ಪಾಸ್ ತಗೊಳ್ಳಿ ಅಂತ ತುಂಬಾ ಜನ ಹೇಳಿದರು. ನಮಗೆ ಗಿಟ್ಟಲಿಲ್ಲ. ಪಾಸ್ ಇದ್ದರೂ ಫ್ರಾನ್ಸಿನ ವೇಗದ ರೈಲು ಟಿಜಿವಿಗೆ, ಇಟಲಿಯ ವೇಗದ ರೈಲುಗಳಿಗೆ, ರಾತ್ರಿ ರೈಲಿಗೆ ಸೀಟಿನ ದುಡ್ಡು ಬೇರೆ ಕೊಡಬೇಕು. ನಮ್ಮ ದಾರಿಯಲ್ಲಿ ಅಂಥವೇ ಜಾಸ್ತಿ. ತಾರೀಖು ಗಟ್ಟಿ ಇದ್ದರೆ ಒಂದೊಂದು ಟಿಕೆಟ್ ಮುಂಚೆಯೇ ತಗೊಳ್ಳೋದು ಅಗ್ಗ. ಎದ್ದ ಮೇಲೆ ಇವತ್ತು ಎಲ್ಲಿಗೆ ಅಂತ ಯೋಚಿಸೋ ಹುಡುಗರಿಗೆ, ಅದರಲ್ಲೂ ಜರ್ಮನಿ, ಆಸ್ಟ್ರಿಯಾ ಕಡೆ ಸುತ್ತೋರಿಗೆ ಪಾಸ್ ಚೆನ್ನಾಗಿರುತ್ತೆ.

ಸ್ವಿಟ್ಜರ್ಲೆಂಡ್ ಮಾತ್ರ ಬೇರೆ ಲೆಕ್ಕ. ಅಲ್ಲಿ ಸ್ವಿಸ್ ಟ್ರಾವೆಲ್ ಪಾಸ್ ಒಂದು, ಹಾಫ್ ಫೇರ್ ಕಾರ್ಡ್ ಒಂದು. ಮೊದಲನೆಯದರಲ್ಲಿ ರೈಲು, ಬಸ್ಸು, ಕೆರೆಯ ದೋಣಿ ಎಲ್ಲ ಸೇರಿದೆ. ಎರಡನೆಯದು ಒಂದು ತಿಂಗಳು ಹೆಚ್ಚುಕಮ್ಮಿ ಎಲ್ಲದಕ್ಕೂ ಅರ್ಧ ದರ. ಯಾವುದು ಅನ್ನೋದು ಯಾವ ಬೆಟ್ಟ ಹತ್ತುತ್ತೀರಿ ಅನ್ನೋದರ ಮೇಲೆ. ಎಲ್ಲರೂ ಹೋಗೋ ಯುಂಗ್‌ಫ್ರೌಯೋಕ್‌ಗೆ ಪಾಸ್ ಇದ್ದರೆ ಮೇಲಿನ ಭಾಗಕ್ಕೆ ಕಾಲು ಭಾಗ ಮಾತ್ರ ರಿಯಾಯಿತಿ, ಕಾರ್ಡ್‌ಗೆ ಅರ್ಧ. ನಾವು ಲೂಸರ್ನ್‌ನಲ್ಲೇ ಉಳಿದು ರಿಗಿ ಮತ್ತು ಸ್ಟಾನ್ಸರ್‌ಹಾರ್ನ್ ಆರಿಸಿದೆವು. ಎರಡು ಬೆಟ್ಟಗಳೂ ಟ್ರಾವೆಲ್ ಪಾಸ್‌ನಲ್ಲಿ ಪೂರ್ತಿ ಸೇರಿವೆ, ಅದನ್ನೇ ತಗೊಂಡೆವು. ಹಿಮದ ಬೆಟ್ಟ ದೂರದಲ್ಲಿ ಸಾಲಾಗಿ ಕಾಣುತ್ತೆ, ಕಾಲ ಕೆಳಗೆ ಹಿಮ ಇರಲ್ಲ. ಅತ್ತೆ ರಿಗಿ ಮೇಲೆ ಬೆಂಚಿನಲ್ಲಿ ಕೂತು, 'ಸಾಕಮ್ಮ, ಅಲ್ಲಿಗೆ ಹೋಗಿ ಜಾರಿ ಬೀಳೋದಕ್ಕಿಂತ ಇಲ್ಲಿಂದ ನೋಡೋದೇ ಮೇಲು' ಅಂದರು. ನನ್ನ ದುಡ್ಡಿನ ಲೆಕ್ಕವೂ ಅದನ್ನೇ ಹೇಳಿತ್ತು.

ಪಾಸ್ ಸ್ವಿಸ್ ಗಡಿಯ ಊರು ಬಾಸೆಲ್‌ನಿಂದಲೇ ನಡೆಯುತ್ತೆ. ಹಾಗಾಗಿ ಪ್ಯಾರಿಸ್‌ನಿಂದ ಟಿಜಿವಿ ಲಿರಿಯಾ ಟಿಕೆಟ್ ಬಾಸೆಲ್‌ವರೆಗೆ ಮಾತ್ರ ತಗೊಂಡು, ಮುಂದೆ ಲೂಸರ್ನ್‌ಗೆ ಒಂದು ಗಂಟೆ ಪಾಸ್‌ನಲ್ಲೇ ಹೋದೆವು. ಪ್ಯಾರಿಸ್‌ನಲ್ಲಿ ನಿಲ್ದಾಣದ ಹೆಸರು ಎರಡೆರಡು ಸಲ ನೋಡಿಕೊಳ್ಳಿ. ನಮ್ಮಲ್ಲಿ ಮೆಜೆಸ್ಟಿಕ್, ಯಶವಂತಪುರ, ಬೈಯಪ್ಪನಹಳ್ಳಿ ಅಂತ ಬೇರೆ ಬೇರೆ ಇರೋ ಹಾಗೆ ಅಲ್ಲೂ ದಿಕ್ಕಿಗೊಂದು ನಿಲ್ದಾಣ. ಸ್ವಿಟ್ಜರ್ಲೆಂಡ್ ಕಡೆ ಹೋಗೋದು ಗಾರ್ ದ ಲಿಯೋನ್‌ನಿಂದ, ಆಮ್‌ಸ್ಟರ್‌ಡ್ಯಾಮ್ ಕಡೆ ಗಾರ್ ದು ನಾರ್‌ನಿಂದ. ಟಿಜಿವಿ ಬಾಗಿಲು ಹೊರಡೋ ಎರಡು ನಿಮಿಷ ಮುಂಚೆ ಮುಚ್ಚಿಕೊಳ್ಳುತ್ತೆ. ಓಡಿ ಬಂದು ಹತ್ತೋ ಆಟ ನಡೆಯಲ್ಲ.

ಲೂಸರ್ನ್‌ನಿಂದ ಮಿಲಾನ್ ರೈಲು 57 ಕಿಲೋಮೀಟರ್ ಉದ್ದದ ಗೊಟ್ಟಾರ್ಡ್ ಬೇಸ್ ಸುರಂಗದಲ್ಲಿ ಹೋಗುತ್ತೆ. 2016ರಲ್ಲಿ ಶುರುವಾಗಿದ್ದು, ಪ್ರಪಂಚದಲ್ಲೇ ಉದ್ದದ ರೈಲು ಸುರಂಗ. ಹೊರಗೆ ಏನೂ ಕಾಣಲ್ಲ, ಬರೀ ಕತ್ತಲು. ಬೆಟ್ಟ ನೋಡಬೇಕು ಅನ್ನೋರಿಗೆ ಮೇಲಿನ ಹಳೇ ದಾರಿ ಇನ್ನೂ ಇದೆ, ಹೊತ್ತು ಜಾಸ್ತಿ. ಮಿಲಾನ್‌ನಲ್ಲಿ ಇಳಿದು ವೆನಿಸ್ ರೈಲು ಹತ್ತಬೇಕು. ಎರಡೂ ಬೇರೆ ಬೇರೆ ಟಿಕೆಟ್ ಆದ್ದರಿಂದ ನಡುವೆ ಒಂದೂವರೆ ಗಂಟೆ ಬಿಟ್ಟಿದ್ದೆ. ಸುಮ್ನೆ ಕೂತು ಕಾಫಿ ಕುಡಿದೆವು, ಅಷ್ಟೇ. ಆದರೂ ಆ ಒಂದೂವರೆ ಗಂಟೆ ಕಡಿಮೆ ಮಾಡಿ ಅಂತ ಯಾರಿಗೂ ಹೇಳಲ್ಲ.

ವೆನಿಸ್‌ನಲ್ಲಿ ಎರಡು ನಿಲ್ದಾಣ. ಮೆಸ್ತ್ರೆ ದಡದಲ್ಲಿದೆ, ಸಾಂತಾ ಲೂಚಿಯಾ ನೀರಿನ ಮಧ್ಯದ ಊರಲ್ಲಿ. ಮೆಸ್ತ್ರೆಯಲ್ಲಿ ಹೋಟೆಲ್ ಅಗ್ಗ. ನಾವು ಸಾಂತಾ ಲೂಚಿಯಾ ಹತ್ತಿರ, ದಾರಿಯಲ್ಲಿ ಒಂದೂ ಸೇತುವೆ ಇಲ್ಲದ ಹೋಟೆಲನ್ನು ಮ್ಯಾಪ್ ಹಿಗ್ಗಿಸಿ ಹಿಗ್ಗಿಸಿ ಹುಡುಕಿದೆವು. ವೆನಿಸ್‌ನಲ್ಲಿ ಸೇತುವೆ ಅಂದರೆ ಮೆಟ್ಟಿಲು. ಆಟೋ ಇಲ್ಲ, ಟ್ಯಾಕ್ಸಿ ಅಂದರೆ ದೋಣಿ, ಅದರ ದರ ಕೇಳಿ ಅತ್ತೆ ನಡೆಯೋಕೆ ಶುರು ಮಾಡಿದರು.

ಇಟಲಿಯಲ್ಲಿ ವೇಗದ ರೈಲು ಎರಡು ಕಂಪನಿಯವು. ಸರ್ಕಾರದ್ದು ಫ್ರೆಚಾರೋಸಾ, 2012ರಿಂದ ಓಡುತ್ತಿರುವ ಖಾಸಗಿಯದು ಇಟಾಲೊ. ಪೈಪೋಟಿ ಇರೋದರಿಂದ ಮುಂಚೆ ತಗೊಂಡರೆ ತುಂಬಾ ಅಗ್ಗ. ಪ್ಯಾಸೆಂಜರ್ ರೈಲುಗಳಿಗೆ ಯಾವತ್ತೂ ಒಂದೇ ದರ, ಮುಂಚೆ ತಗೋಬೇಕಿಲ್ಲ. ಕಾಗದದ ಟಿಕೆಟ್ ಆದರೆ ಹತ್ತೋ ಮುಂಚೆ ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ, ಇಲ್ಲದಿದ್ದರೆ ದಂಡ. ಇನ್ನು ಅಲ್ಲಿ ಮುಷ್ಕರ ಮಾಮೂಲು, ಆದರೆ ಮುಂಚೆಯೇ ತಾರೀಖು ಹೇಳಿ ಮಾಡುತ್ತಾರೆ. ಫ್ಲಾರೆನ್ಸ್‌ನಿಂದ ಪೀಸಾಕ್ಕೆ ಹೋಗಬೇಕಿದ್ದ ದಿನವೇ ಒಂದು ಬಂತು. ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಪ್ಯಾಸೆಂಜರ್ ರೈಲು ಓಡಿಸಲೇಬೇಕು ಅನ್ನೋ ನಿಯಮ ಇದೆ. ಅತ್ತೆಯ ಮಂಡಿಗೆ ಬೆಳಿಗ್ಗೆ ಆರು ಆಗಲ್ಲ. ಪೀಸಾವನ್ನು ಮಾರನೇ ದಿನಕ್ಕೆ ತಳ್ಳಿ ಆವತ್ತು ಊರಲ್ಲೇ ಸುತ್ತಿದೆವು. ಮುಖ್ಯ ಪ್ರಯಾಣ ಇಲ್ಲದ ಒಂದೆರಡು ಸಡಿಲ ದಿನ ಇಟ್ಟುಕೊಂಡಿದ್ದು ಇದಕ್ಕೇ.

ವಿಯೆನ್ನಾದಿಂದ ಸಾಲ್ಜ್‌ಬರ್ಗ್ ಎರಡೂವರೆ ಗಂಟೆ, ಅಲ್ಲೂ ಎರಡು ಕಂಪನಿ, ಕಷ್ಟ ಏನೂ ಇಲ್ಲ. ಸಾಲ್ಜ್‌ಬರ್ಗ್‌ನಿಂದ ಮ್ಯೂನಿಕ್‌ಗೆ ಮಾತ್ರ ಒಂದು ಒಳ್ಳೇ ಉಪಾಯ ಇದೆ, ಬಯರ್ನ್ ಟಿಕೆಟ್, ಅಂದರೆ ಜರ್ಮನಿಯ ಬವೇರಿಯಾ ರಾಜ್ಯದ ಒಂದು ದಿನದ ಟಿಕೆಟ್. ಒಂದು ಟಿಕೆಟ್‌ನಲ್ಲಿ ಐದು ಜನರವರೆಗೆ ಹೋಗಬಹುದು, ತಲೆ ಹೆಚ್ಚಿದಷ್ಟೂ ಒಬ್ಬೊಬ್ಬರ ಪಾಲು ಕಡಿಮೆ. ಕೆಲಸದ ದಿನ ಬೆಳಿಗ್ಗೆ 9ರ ನಂತರ ನಡೆಯುತ್ತೆ. ವೇಗದ ರೈಲಿಗೆ ನಡೆಯಲ್ಲ, ಪ್ಯಾಸೆಂಜರ್ ರೈಲೇ ಆಗಬೇಕು, ಆದರೂ ಎರಡು ಗಂಟೆಯೊಳಗೆ ಮುಟ್ಟಿಸುತ್ತೆ. ಗಡಿಯಲ್ಲಿ ಜರ್ಮನಿ ಪೊಲೀಸರು ಹತ್ತಿ ತಪಾಸಣೆ ಮಾಡೋದುಂಟು. ಪಾಸ್‌ಪೋರ್ಟ್ ಪೆಟ್ಟಿಗೆಯ ತಳದಲ್ಲಿ ಇಡಬೇಡಿ.

ವಿಮಾನದ ಹಿಂದಿನ ರಾತ್ರಿ ಮ್ಯೂನಿಕ್‌ನಲ್ಲೇ ಉಳಿದೆವು. ಸಾಲ್ಜ್‌ಬರ್ಗ್‌ನಿಂದ ಆವತ್ತೇ ಬಂದು ವಿಮಾನ ಹಿಡಿಯಬಹುದು ಅಂತ ನಮ್ಮನೆಯವರ ವಾದ, ಒಂದು ಹೋಟೆಲ್ ಖರ್ಚು ಉಳಿಯುತ್ತೆ ಅಂತ. ರೈಲು ಕೈಕೊಟ್ಟರೆ ಮೂರು ಜನಕ್ಕೆ ಹೊಸ ಟಿಕೆಟ್ ಎಷ್ಟಾಗುತ್ತೆ ಅಂತ ಶೀಟಿನಲ್ಲಿ ತೋರಿಸಿದ ಮೇಲೆ ಸುಮ್ಮನಾದರು.