ಟ್ರೋಪೊನಿನ್ ರಿಪೋರ್ಟ್ ಓದುವ ಮುನ್ನ ಗಡಿಯಾರ ನೋಡಿ

ಲ್ಯಾಬ್‌ನ ಕಿಟಕಿಯಲ್ಲಿ ಕೂತು ರಿಪೋರ್ಟ್ ಕೊಡುವವರಿಗೆ ಎರಡು ಬಗೆಯ ಮುಖಗಳು ಚೆನ್ನಾಗಿ ಪರಿಚಯ. ಒಂದು, ದಪ್ಪಕ್ಷರದಲ್ಲಿ ಅಚ್ಚಾದ ಅಂಕಿಯ ಮೇಲೆ ಬೆರಳಿಟ್ಟು ‘ಅಟ್ಯಾಕ್ ಆಗಿಹೋಯ್ತಾ?’ ಎಂದು ಬಿಳಿಚಿಕೊಂಡು ಕೇಳುವ ಮುಖ. ಇನ್ನೊಂದು, ‘ನಾರ್ಮಲ್ ಇದೆಯಲ್ಲ, ಮತ್ಯಾಕೆ ಇನ್ನೊಂದು ಸಲ ಸೂಜಿ?’ ಎಂದು ಹೊರಟೇಬಿಡುವ ಮುಖ. ಮೊದಲನೆಯವರಿಗೆ ಸಮಾಧಾನ ಹೇಳಬಹುದು. ನನಗೆ ಭಯವಾಗುವುದು ಎರಡನೆಯವರನ್ನು ಕಂಡರೆ.

ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಅಂಶವೇ ಟ್ರೋಪೊನಿನ್. ಅದರ ರಿಪೋರ್ಟನ್ನು ಸಕ್ಕರೆಯ ರಿಪೋರ್ಟಿನಂತೆ ಓದಲು ಬರುವುದಿಲ್ಲ. ವೈದ್ಯರು ಹೇಳುವುದು ನಿಮಗೆ ಅರ್ಥವಾಗಲಿ, ಅವರು ಕೇಳುವ ಪ್ರಶ್ನೆಗೆ ನಿಮ್ಮ ಬಳಿ ಸರಿಯಾದ ಉತ್ತರವಿರಲಿ ಎಂಬಷ್ಟಕ್ಕೆ ಈ ಲೇಖನ. ಎದೆ ಹಿಂಡುವ ನೋವು, ತಣ್ಣನೆಯ ಬೆವರು, ಉಸಿರಿನ ಕಷ್ಟ ಈಗಲೇ ಇದ್ದರೆ ಓದುವುದನ್ನು ಬಿಟ್ಟು ಆಂಬುಲೆನ್ಸ್ ಕರೆಯಿರಿ. ಆಸ್ಪತ್ರೆ ತಲುಪಿದ ಹತ್ತು ನಿಮಿಷದೊಳಗೆ ಆಗಬೇಕಾದ್ದು ಇಸಿಜಿ. ಹೃದಯದ ರಕ್ತನಾಳ ಪೂರ್ತಿ ಕಟ್ಟಿಕೊಂಡ ಲಕ್ಷಣ ಅದರಲ್ಲಿ ಕಂಡರೆ ಯಾರೂ ಟ್ರೋಪೊನಿನ್‌ಗಾಗಿ ಕಾಯುವುದಿಲ್ಲ, ಕಾಯಲೂಬಾರದು.

1. ಪರೀಕ್ಷೆಯ ಹೆಸರು ನೋಡಿ

ಸ್ನಾಯು ಕುಗ್ಗುವುದನ್ನು ಹತೋಟಿಯಲ್ಲಿಡುವ ಟ್ರೋಪೊನಿನ್‌ನಲ್ಲಿ ಸಿ, ಟಿ, ಐ ಎಂಬ ಮೂರು ಪ್ರೋಟೀನುಗಳಿವೆ. 1960ರ ದಶಕದಲ್ಲಿ ಇದನ್ನು ಗುರುತಿಸಿದ್ದು ಜಪಾನಿನ ಸೆತ್ಸುರೊ ಎಬಾಷಿ ಮತ್ತು ಅವರ ಸಂಗಡಿಗರು. ಸಿ ಕೈಕಾಲಿನ ಕೆಲವು ಸ್ನಾಯುಗಳಲ್ಲೂ ಅದೇ ರೂಪದಲ್ಲಿರುವುದರಿಂದ ನಮ್ಮ ಕೆಲಸಕ್ಕೆ ಬಾರದು. ಟಿ ಮತ್ತು ಐಗಳಿಗೆ ಹೃದಯದ್ದೇ ಆದ ರೂಪವಿದೆ. ಆದ್ದರಿಂದಲೇ ರಿಪೋರ್ಟಿನಲ್ಲಿ ‘ಟ್ರೋಪ್ ಟಿ’ ಅಥವಾ ‘ಟ್ರೋಪ್ ಐ’ ಎಂದಿರುತ್ತದೆ. ಎರಡರ ಅಂಕಿಗಳನ್ನು ಒಂದಕ್ಕೊಂದು ಹೋಲಿಸಬೇಡಿ.

ಹಿಂದೆ ಇಷ್ಟು ಅನುಕೂಲವಿರಲಿಲ್ಲ. 1954ರಲ್ಲಿ ಹೃದಯಾಘಾತದ ಮೊದಲ ರಕ್ತಸೂಚಕವಾಗಿ ಬಂದದ್ದು ಇಂದು ನಾವು ಲಿವರ್ ಪರೀಕ್ಷೆಯಲ್ಲಿ ನೋಡುವ ಎಸ್‌ಜಿಒಟಿ. ಲಿವರ್ ಕೆಟ್ಟರೂ ಅದು ಏರುತ್ತಿತ್ತು. ಆಮೇಲೆ ಬಂದ ಸಿಕೆ-ಎಂಬಿ ಎಂಬ ಸ್ನಾಯುವಿನ ಕಿಣ್ವ ಪೆಟ್ಟು ಬಿದ್ದ ತೊಡೆಯ ಸ್ನಾಯುವಿನಿಂದಲೂ ಏರಬಲ್ಲದು. 1980ರ ದಶಕದ ಕೊನೆಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹ್ಯೂಗೊ ಕಾಟುಸ್ ತಂಡ ಟ್ರೋಪೊನಿನ್ ಟಿ ಅಳೆಯುವ ಪರೀಕ್ಷೆ ರೂಪಿಸಿತು. 2000ದಲ್ಲಿ ಹೃದಯಾಘಾತದ ವ್ಯಾಖ್ಯೆಯನ್ನೇ ತಿದ್ದಿ ಟ್ರೋಪೊನಿನ್‌ಗೆ ಮೊದಲ ಸ್ಥಾನ ಕೊಡಲಾಯಿತು. ಇಂದಿಗೂ ಅಭ್ಯಾಸಬಲದಿಂದ ಟ್ರೋಪೊನಿನ್ ಜೊತೆಗೆ ಸಿಕೆ-ಎಂಬಿಯನ್ನೂ ಬರೆದುಕೊಡುವವರಿದ್ದಾರೆ. ಹೆಚ್ಚಿನ ಸಂದರ್ಭಗಳಲ್ಲಿ ಅದು ಬರೀ ಹೆಚ್ಚುವರಿ ಬಿಲ್ಲು ಎಂಬುದು ನನ್ನ ಅಭಿಪ್ರಾಯ. ಬಿಎನ್‌ಪಿ ಎಂಬುದು ಬೇರೆಯೇ ಪರೀಕ್ಷೆ. ಹೃದಯದ ಗೋಡೆ ಹಿಗ್ಗಿ ಒತ್ತಡ ಅನುಭವಿಸುತ್ತಿದೆಯೇ ಎಂದು ಅದು ಹೇಳುತ್ತದೆ, ಸ್ನಾಯು ಸತ್ತಿದೆಯೇ ಎಂದಲ್ಲ.

2. ಅಳತೆಯ ಮಾನ ನೋಡಿ

ಅಂಕಿಯ ಪಕ್ಕದ ಪುಟ್ಟ ಅಕ್ಷರಗಳನ್ನು ಓದಿ. ಮಿಲಿಲೀಟರಿಗೆ 0.04 ನ್ಯಾನೋಗ್ರಾಂ ಎಂದರೂ ಲೀಟರಿಗೆ 40 ನ್ಯಾನೋಗ್ರಾಂ ಎಂದರೂ ಒಂದೇ. ಮಿಲಿಲೀಟರಿಗೆ 40 ಪಿಕೋಗ್ರಾಂ ಎಂದರೂ ಅದೇ. ಒಬ್ಬ ಮಗ ನಿನ್ನೆ ಒಂದು ಕಡೆ ಬಂದ 0.05, ಇಂದು ಇನ್ನೊಂದು ಕಡೆ ಬಂದ 48, ಎರಡನ್ನೂ ಪಕ್ಕಪಕ್ಕ ಹಿಡಿದು ‘ಸಾವಿರ ಪಟ್ಟು ಏರಿದೆ’ ಎಂದು ಮನೆಯವರಿಗೆಲ್ಲ ಫೋನ್ ಮಾಡಿಬಿಟ್ಟಿದ್ದ. ನಿನ್ನೆಯದನ್ನು ಇಂದಿನ ಮಾನಕ್ಕೆ ತಂದರೆ 50. ಯಂತ್ರಗಳೂ ಬೇರೆಯಾಗಿದ್ದರಿಂದ ಏರಿದೆ, ಇಳಿದಿದೆ ಎನ್ನಲು ಅಲ್ಲಿ ಆಧಾರವೇ ಇರಲಿಲ್ಲ.

3. ಗೆರೆ ಎಲ್ಲಿದೆ ನೋಡಿ

ರಿಪೋರ್ಟಿನ ಬಲಗಡೆ ಇರುವ ಮಿತಿ ‘ಇದರಾಚೆ ಹೃದಯಾಘಾತ’ ಎಂಬ ಗಡಿಯಲ್ಲ. ನೂರು ಆರೋಗ್ಯವಂತರಲ್ಲಿ 99 ಮಂದಿಯ ಅಂಕಿ ಯಾವುದರೊಳಗೆ ಬರುತ್ತದೋ ಅದೇ ಆ ಗೆರೆ. ಅಂದರೆ ಏನೂ ಆಗದ ನೂರು ಜನರಲ್ಲಿ ಒಬ್ಬರು ಗೆರೆ ದಾಟಿಯೇ ಇರುತ್ತಾರೆ. ಈಗಿನ ಹೆಚ್ಚು ಸೂಕ್ಷ್ಮತೆಯ ಪರೀಕ್ಷೆಗಳು ಅರ್ಧಕ್ಕಿಂತ ಹೆಚ್ಚು ಆರೋಗ್ಯವಂತರಲ್ಲೂ ಚೂರುಪಾರು ಟ್ರೋಪೊನಿನ್ ಹಿಡಿಯುತ್ತವೆ. ಸೊನ್ನೆ ಬರಲಿಲ್ಲವೆಂದು ಗಾಬರಿ ಬೇಡ.

ಟ್ರೋಪೊನಿನ್ ಟಿಗೆ ಸಾಮಾನ್ಯವಾಗಿ ಬಳಸುವ ಗೆರೆ ಲೀಟರಿಗೆ 14 ನ್ಯಾನೋಗ್ರಾಂ. ಹೆಚ್ಚು ಬಳಕೆಯಲ್ಲಿರುವ ಒಂದು ಟ್ರೋಪೊನಿನ್ ಐ ಪರೀಕ್ಷೆಯ ಕಿಟ್‌ನಲ್ಲಿ ಹೆಂಗಸರಿಗೆ 16, ಗಂಡಸರಿಗೆ 34. ಇಬ್ಬರಿಗೂ ಒಂದೇ ಗೆರೆ ಎಳೆದರೆ ತಪ್ಪಿಹೋಗುವುದು ಹೆಂಗಸರ ಕಾಯಿಲೆಯೇ. ಐ ಪರೀಕ್ಷೆಯ ರಿಪೋರ್ಟಿನಲ್ಲಿ ಬೇರೆ ಬೇರೆ ಗೆರೆ ಇಲ್ಲದಿದ್ದರೆ, ಕೇಳಿ.

4. ಹೊತ್ತು ಜೋಡಿಸಿ

ಎಲ್ಲರೂ ಎಡವುವುದು ಇಲ್ಲೇ. ಆದ್ದರಿಂದ ನಿಧಾನವಾಗಿ ಹೋಗೋಣ.

ಟ್ರೋಪೊನಿನ್‌ನ ಬಹುಪಾಲು ಸ್ನಾಯುವಿನ ಎಳೆಗಳಿಗೆ ಅಂಟಿಕೊಂಡಿರುತ್ತದೆ. ಸಣ್ಣ ಪಾಲು ಮಾತ್ರ ಜೀವಕೋಶದ ದ್ರವದಲ್ಲಿ ಬಿಡಿಯಾಗಿರುತ್ತದೆ. ಕೋಶ ಒಡೆದಾಗ ಮೊದಲು ಈ ಬಿಡಿ ಪಾಲು ಸೋರುತ್ತದೆ, ಅಂಟಿಕೊಂಡದ್ದು ಆಮೇಲೆ ದಿನಗಟ್ಟಲೆ ಕರಗಿ ಬರುತ್ತದೆ. ಹೀಗಾಗಿ ರಕ್ತದಲ್ಲಿ ಏರಿಕೆ ಕಾಣಲು ಎರಡು ಮೂರು ಗಂಟೆ ಬೇಕಾಗಬಹುದು, ತುದಿ ಮುಟ್ಟಲು ಅರ್ಧದಿಂದ ಒಂದು ದಿನ. ಪೂರ್ತಿ ಇಳಿಯಲು ಒಂದೆರಡು ವಾರ. ನೋವು ಶುರುವಾಗಿ ಅರ್ಧ ಗಂಟೆಗೆ ತೆಗೆದ ರಕ್ತ ‘ನಾರ್ಮಲ್’ ಎಂದರೆ ಹೃದಯಕ್ಕೆ ಏನೂ ಆಗಿಲ್ಲ ಎಂದಲ್ಲ, ಸುದ್ದಿ ಇನ್ನೂ ರಕ್ತಕ್ಕೆ ತಲುಪಿಲ್ಲದಿರಬಹುದು. ಎರಡನೇ ಸೂಜಿ ಇರುವುದು ಅದಕ್ಕೇ.

ಒಂದು ಚೀಟಿಯಲ್ಲಿ ಮೂರು ಹೊತ್ತು ಬರೆದುಕೊಳ್ಳಿ: ನೋವು ಮೊದಲು ಕಾಣಿಸಿದ್ದು, ಅತಿ ಜೋರಾದದ್ದು, ರಕ್ತ ತೆಗೆದದ್ದು. ‘ಬೆಳಿಗ್ಗೆಯಿಂದ’ ಎಂಬುದು ಹೊತ್ತಲ್ಲ. ‘ಹಲ್ಲುಜ್ಜುವಾಗ, ಆರೂಕಾಲಿಗೆ’ ಎಂಬುದು ಹೊತ್ತು. ರಿಪೋರ್ಟಿನ ಮೇಲೆ ಅಚ್ಚಾದ ಸಮಯವನ್ನು ನಂಬಬೇಡಿ. ಎಷ್ಟೋ ಸಲ ಅದು ಮುದ್ರಣವಾದ ಗಳಿಗೆ, ರಕ್ತ ತೆಗೆದ ಗಳಿಗೆಯಲ್ಲ. ನಡುವಿನ ಒಂದೂವರೆ ಗಂಟೆ ಇಡೀ ಲೆಕ್ಕವನ್ನೇ ಬುಡಮೇಲು ಮಾಡುತ್ತದೆ.

ಈಗ ಲೆಕ್ಕ. ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿಯಲ್ಲಿ, ಹೆಚ್ಚು ಸೂಕ್ಷ್ಮತೆಯ ಪರೀಕ್ಷೆಯಿದ್ದರೆ, ಬಂದಾಗ ಒಂದು ಸ್ಯಾಂಪಲ್, ಒಂದು ಗಂಟೆಗೆ ಇನ್ನೊಂದು. ಟ್ರೋಪೊನಿನ್ ಟಿ ಎಂದಿಟ್ಟುಕೊಳ್ಳಿ. ಇಬ್ಬರು ರೋಗಿಗಳು, ಇಬ್ಬರಿಗೂ ಮೊದಲ ಅಂಕಿ 8. ಗೆರೆ 14, ಇಬ್ಬರೂ ‘ನಾರ್ಮಲ್’. ಒಂದು ಗಂಟೆಯ ನಂತರ ಒಬ್ಬರದು 9, ಇನ್ನೊಬ್ಬರದು 15. ಮೊದಲನೆಯವರ ಮೊದಲ ಅಂಕಿ ಮಾರ್ಗಸೂಚಿ ಹೇಳುವ 12ರ ಕೆಳಗಿತ್ತು, ಏರಿಕೆಯೂ ಅದು ಹೇಳುವ 3ಕ್ಕಿಂತ ಕಡಿಮೆ. ಇಸಿಜಿ ಮತ್ತು ಲಕ್ಷಣಗಳು ತಕರಾರು ಮಾಡದಿದ್ದರೆ ಹೃದಯಾಘಾತವನ್ನು ಬದಿಗಿಡಬಹುದು. ಎರಡನೆಯವರದು ಏಳು ಅಂಕ ಏರಿದೆ. ಐದು ಅಥವಾ ಹೆಚ್ಚು ಏರಿದರೆ ದಾಖಲಿಸಿಕೊಳ್ಳುವ ಸಾಲಿಗೆ ಸೇರುತ್ತಾರೆ. ಮೊದಲ ಸ್ಯಾಂಪಲ್ ನೋಡಿ ಮನೆಗೆ ಹೊರಟಿದ್ದರೆ? ಇಬ್ಬರ ಕೈಯಲ್ಲೂ ಒಂದೇ ಅಂಕಿಯ ಕಾಗದವಿರುತ್ತಿತ್ತು.

ಈ ಅಂಕಿಗಳು ಆ ಒಂದು ಕಿಟ್‌ಗೆ ಮಾತ್ರ. ನಿಮ್ಮ ರಿಪೋರ್ಟಿಗೆ ಇದೇ ಲೆಕ್ಕ ಹಚ್ಚಿ ನೀವೇ ತೀರ್ಪು ಕೊಟ್ಟುಕೊಳ್ಳಬೇಡಿ. ಎರಡೂ ಸ್ಯಾಂಪಲ್ ಒಂದೇ ಲ್ಯಾಬ್, ಒಂದೇ ಯಂತ್ರದ್ದಾಗಿರಲಿ. ಇದರಲ್ಲಿ ನನ್ನದು ಹಟವೆಂದೇ ಹೇಳಿ. ಹಳೆಯ ಮಾದರಿಯ ಪರೀಕ್ಷೆಯಾಗಿದ್ದರೆ ಒಂದು ಗಂಟೆ ಸಾಲದು, ಆರು ಗಂಟೆಯವರೆಗೂ ಕಾಯಬೇಕಾಗುತ್ತದೆ.

ಮೊದಲ ಅಂಕಿಯೇ ಗೆರೆಯ ಮೇಲಿದ್ದವರಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಏರಿಳಿತವಿದ್ದರೆ ಅದು ಹೊಸ ಪೆಟ್ಟು ಎಂದು ಸಾಮಾನ್ಯವಾಗಿ ನೋಡುತ್ತಾರೆ. ಇಲ್ಲೊಂದು ಮೋಸವಿದೆ. ನೋವು ಬಂದು ಎರಡು ದಿನ ತಡೆದುಕೊಂಡು ಬಂದವರ ಅಂಕಿ ತುದಿ ದಾಟಿ ನಿಧಾನವಾಗಿ ಇಳಿಯುತ್ತಿರುತ್ತದೆ. ಗಂಟೆಯ ಅಂತರದಲ್ಲಿ ನೋಡಿದರೆ ಅಲುಗಾಡಿದಂತೆಯೇ ಕಾಣುವುದಿಲ್ಲ. ‘ಸ್ಥಿರವಾಗಿದೆ’ ಎಂಬ ಮಾತು ಇಂಥವರಿಗೆ ನೆಮ್ಮದಿಯಲ್ಲ. ಚೀಟಿಯ ಮೊದಲ ಸಾಲು ಕೆಲಸಕ್ಕೆ ಬರುವುದು ಆಗಲೇ.

5. ಏರಿದ್ದರೆ ಕಾರಣ ಕೇಳಿ

ಟ್ರೋಪೊನಿನ್ ಸ್ನಾಯುವಿಗೆ ಪೆಟ್ಟಾಗಿದೆ ಎಂದು ಹೇಳುತ್ತದೆ, ಪೆಟ್ಟು ಕೊಟ್ಟವರು ಯಾರು ಎಂದು ಹೇಳುವುದಿಲ್ಲ. 2018ರ ನಾಲ್ಕನೇ ಸಾರ್ವತ್ರಿಕ ವ್ಯಾಖ್ಯೆ ಹೃದಯಸ್ನಾಯುವಿನ ಹಾನಿಯನ್ನೂ ಹೃದಯಾಘಾತವನ್ನೂ ಸ್ಪಷ್ಟವಾಗಿ ಬೇರ್ಪಡಿಸಿತು. ಹೃದಯಾಘಾತ ಎನ್ನಲು ಏರಿಳಿತದ ಜೊತೆಗೆ ರಕ್ತ ಸಾಲದಾಗಿರುವುದಕ್ಕೆ ಪುರಾವೆ ಬೇಕು: ಲಕ್ಷಣ, ಇಸಿಜಿ ಬದಲಾವಣೆ, ಎಕೋ ಅಥವಾ ಆಂಜಿಯೋಗ್ರಾಂ. ಹೃದಯಸ್ನಾಯುವಿನ ಉರಿಯೂತ, ಶ್ವಾಸಕೋಶಕ್ಕೆ ಸಿಕ್ಕಿಕೊಂಡ ರಕ್ತದ ಹೆಪ್ಪು, ಸೋಂಕಿನ ನಂಜು (ಸೆಪ್ಸಿಸ್), ಅತಿವೇಗದ ಬಡಿತ, ಪಾರ್ಶ್ವವಾಯು, ಕೆಲವು ಕ್ಯಾನ್ಸರ್ ಔಷಧಿಗಳು, ಎಲ್ಲವೂ ಏರಿಸಬಲ್ಲವು. ಮ್ಯಾರಥಾನ್ ಓಡಿದವರಲ್ಲೂ ಏರಿ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ದೀರ್ಘಕಾಲದ ಕಿಡ್ನಿ ತೊಂದರೆಯವರಲ್ಲಿ ಅಂಕಿ ಸದಾ ಮೇಲೆಯೇ ನಿಂತಿರುವುದುಂಟು.

6. ನುಂಗುತ್ತಿರುವುದನ್ನೆಲ್ಲ ಹೇಳಿ

ಮುಖ್ಯವಾಗಿ ಕೂದಲು, ಉಗುರಿಗೆಂದು ಮಾರುವ ಬಯೋಟಿನ್ ಮಾತ್ರೆ. ದೇಹಕ್ಕೆ ದಿನಕ್ಕೆ ಸುಮಾರು 30 ಮೈಕ್ರೋಗ್ರಾಂ ಸಾಕು, ಮಾತ್ರೆಗಳಲ್ಲಿ 5ರಿಂದ 10 ಮಿಲಿಗ್ರಾಂ ತುಂಬಿರುತ್ತಾರೆ. ಕೆಲವು ಕಿಟ್‌ಗಳು ಟ್ರೋಪೊನಿನ್ ಹಿಡಿಯಲು ಬಯೋಟಿನ್ ಅನ್ನೇ ಕೊಕ್ಕೆಯಾಗಿ ಬಳಸುತ್ತವೆ. ರಕ್ತದಲ್ಲಿ ಅದು ಮೊದಲೇ ತುಂಬಿಕೊಂಡಿದ್ದರೆ ಅಂಕಿ ಸುಳ್ಳೇ ಕಡಿಮೆ ಬರಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಸಿತ್ತು. ‘ಅದು ಔಷಧಿಯಲ್ಲವಲ್ಲ’ ಎಂದು ಜನ ಹೇಳುವುದೇ ಇಲ್ಲ.

ಇನ್ನೆರಡು ಮಾತು. ಒಂದು ಹನಿ ರಕ್ತಕ್ಕೆ ಗೆರೆ ಮೂಡಿಸುವ ಕಾರ್ಡುಗಳನ್ನು ತಂದು ಮನೆಯಲ್ಲಿ ಪರೀಕ್ಷಿಸಿಕೊಳ್ಳುವವರಿದ್ದಾರೆ. ಬೇಡ. 8ರಿಂದ 15ಕ್ಕೆ ಏರಿದ್ದನ್ನು ಅವು ಹಿಡಿಯಲಾರವು, ಗೆರೆ ಮೂಡಲಿಲ್ಲವೆಂದು ಮಲಗಿದವರು ಹೊತ್ತು ಕಳೆದುಕೊಳ್ಳುತ್ತಾರೆ. ಯಾವ ನೋವೂ ಇಲ್ಲದೆ ವಾರ್ಷಿಕ ತಪಾಸಣೆಯ ಪ್ಯಾಕೇಜಿನಲ್ಲಿ ಟ್ರೋಪೊನಿನ್ ಸೇರಿಸಿಕೊಳ್ಳುವುದೂ ಬೇಡ. ಆರೋಗ್ಯವಂತ ನೂರರಲ್ಲಿ ಒಬ್ಬರು ನೀವೇ ಆದರೆ ಮುಂದಿನ ಒಂದು ವಾರ ನಿದ್ದೆಯಿಲ್ಲ.

ಕೆಲಸ ಮುಗಿಯಿತೆಂದು ರಿಪೋರ್ಟ್ ಎಸೆಯಬೇಡಿ. ಕಿಡ್ನಿ ಅಥವಾ ಹೃದಯದ ಹಳೆಯ ತೊಂದರೆಯವರಾದರೆ, ಆರಾಮಾಗಿದ್ದ ದಿನದ ಅಂಕಿಯೊಂದನ್ನು ಮಾನ, ದಿನಾಂಕ, ಟಿಯೋ ಐಯೋ ಎಂಬುದರ ಸಮೇತ ಫೋನಿನಲ್ಲಿ ಫೋಟೊ ಮಾಡಿಟ್ಟುಕೊಳ್ಳಿ. ಮುಂದೊಂದು ರಾತ್ರಿ ತುರ್ತು ಚಿಕಿತ್ಸಾ ಕೊಠಡಿಯಲ್ಲಿ 40 ಎಂಬ ಅಂಕಿ ಬಂದಾಗ, ಅದು ನಿಮಗೆ ಮಾಮೂಲೋ ಹೊಸತೋ ಎಂದು ತಿಳಿಯಲು ವೈದ್ಯರು ಮೊದಲು ಕೇಳುವುದು ಈ ಹಳೆಯ ಅಂಕಿಯನ್ನೇ.